ಕೆರೆಯಂಚಿನ ಫ್ರ್ಯಾಕ್ಟಲ್ ಆಯಾಮಕ್ಕೆ ಇಮೇಜ್‌ಜೆ: ಎಣಿಕೆ ನಂಬಬಹುದು, ಉತ್ತರ ನಂಬುವಂತಿಲ್ಲ

ಗೆರೆಯೊಂದು ಎಷ್ಟು ಅಂಕುಡೊಂಕು ಎಂಬುದನ್ನು ಹೇಳುವ ಸಂಖ್ಯೆ ಫ್ರ್ಯಾಕ್ಟಲ್ ಆಯಾಮ. ಅದನ್ನು ಲೆಕ್ಕ ಹಾಕುವ ತಂತ್ರಾಂಶಗಳಲ್ಲಿ ಕಾಸು ಖರ್ಚಿಲ್ಲದೆ, ಹಳೆಯ ಲ್ಯಾಪ್‌ಟಾಪಿನಲ್ಲೂ, ಇಂಟರ್ನೆಟ್ ಇಲ್ಲದೆಯೂ ಓಡುವಂಥದ್ದು ಇಮೇಜ್‌ಜೆ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನಲ್ಲಿ ವೇಯ್ನ್ ರಾಸ್‌ಬ್ಯಾಂಡ್ 1997ರಲ್ಲಿ ಇದನ್ನು ಹೊರತಂದರು. ಸೂಕ್ಷ್ಮದರ್ಶಕದ ಚಿತ್ರಗಳಿಗೆಂದು ಹುಟ್ಟಿದ ತಂತ್ರಾಂಶವಾದರೂ ಅದರ ಅನಲೈಜ್ ಮೆನುವಿನ ಟೂಲ್ಸ್ ಒಳಗೆ ‘ಫ್ರ್ಯಾಕ್ಟಲ್ ಬಾಕ್ಸ್ ಕೌಂಟ್’ ಎಂಬ ಆಜ್ಞೆಯೊಂದಿದೆ. ಈ ವಿಮರ್ಶೆ ಆ ಒಂದು ಆಜ್ಞೆಯ ಬಗ್ಗೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳಲ್ಲಿ ಭೌತಶಾಸ್ತ್ರ, ಭೂಗೋಳ, ಭೂವಿಜ್ಞಾನದ ಪ್ರಾಜೆಕ್ಟ್ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಪಠ್ಯಗಳಲ್ಲಿ ಉದಾಹರಣೆಯೆಂದರೆ ಸಮುದ್ರತೀರ. ಸಮುದ್ರ ನಮಗಿಲ್ಲ, ಕೆರೆಗಳಿಗಂತೂ ಬರವಿಲ್ಲ, ಬರ ಏನಿದ್ದರೂ ನೀರಿಗೆ.

ಅಂಕ ಮೊದಲೇ ಹೇಳಿಬಿಡುವುದಾದರೆ, ಐದಕ್ಕೆ ಮೂರೂವರೆ. ಪೆಟ್ಟಿಗೆ ಎಣಿಸುವ ಕೆಲಸವನ್ನು ಇದು ಚಕಚಕನೆ, ಲೋಪವಿಲ್ಲದೆ ಮಾಡುತ್ತದೆ. ಆದರೆ ಆ ಎಣಿಕೆಗಳಿಂದ ತಾನೇ ಲೆಕ್ಕ ಹಾಕಿ ಕೊನೆಯ ಕಾಲಂನಲ್ಲಿ ಮೂರ್ನಾಲ್ಕು ದಶಮಾಂಶದವರೆಗೆ ಬರೆದುಕೊಡುವ ‘ಡಿ’ ಇದೆಯಲ್ಲ, ಅದನ್ನು ಹಾಗೇ ಎತ್ತಿ ವರದಿಗೆ ಹಾಕಿದರೆ ಕೆಟ್ಟಿರಿ. ಕಳೆದ ಒಂದೂವರೆ ಅಂಕ ಅದಕ್ಕೇ.

ಅಳೆಯುತ್ತಿರುವುದು ಏನನ್ನು ಎಂಬುದು ಚುಟುಕಾಗಿ. ಬ್ರಿಟಿಷ್ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ದೇಶಗಳ ಗಡಿಯುದ್ದಗಳನ್ನು ಹೋಲಿಸಿ ನೋಡಿದಾಗ ಸ್ಪೇನ್–ಪೋರ್ಚುಗಲ್ ಗಡಿ ಒಂದು ಕಡೆ 987 ಕಿ.ಮೀ., ಇನ್ನೊಂದು ಕಡೆ 1,214 ಕಿ.ಮೀ. ಎಂದಿತ್ತು. ಅಳತೆಗೋಲು ಚಿಕ್ಕದಾದಷ್ಟೂ ಅಂಕುಡೊಂಕು ಹೆಚ್ಚು ಸಿಕ್ಕಿ ಉದ್ದ ಬೆಳೆಯುತ್ತದೆ. ಎಷ್ಟು ವೇಗದಲ್ಲಿ ಬೆಳೆಯುತ್ತದೆ ಎಂಬುದನ್ನೇ ಒಂದು ಸಂಖ್ಯೆಯಾಗಿ ಓದಬಹುದು ಎಂದು ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು: ಬ್ರಿಟನ್ನಿನ ಪಶ್ಚಿಮ ತೀರಕ್ಕೆ 1.25, ದಕ್ಷಿಣ ಆಫ್ರಿಕದ ನುಣುಪಾದ ತೀರಕ್ಕೆ 1.02. ನೇರ ಗೆರೆಗೆ 1, ಸಮತಲವನ್ನು ತುಂಬಿಬಿಡುವ ಆಕಾರಕ್ಕೆ 2. ಬಾಕ್ಸ್ ಕೌಂಟ್ ಈ ಸಂಖ್ಯೆಯನ್ನು ಹುಡುಕುವುದು ಹೀಗೆ: ಚಿತ್ರದ ಮೇಲೆ ಚೌಕ ಪೆಟ್ಟಿಗೆಗಳ ಜಾಲರಿ ಹಾಸಿ, ಎಷ್ಟು ಪೆಟ್ಟಿಗೆಗಳಲ್ಲಿ ಗೆರೆ ಹಾಯುತ್ತದೆ ಎಂದು ಎಣಿಸುತ್ತದೆ; ಪೆಟ್ಟಿಗೆಯ ಗಾತ್ರ ಬದಲಿಸುತ್ತ ಮತ್ತೆ ಎಣಿಸುತ್ತದೆ. ಗಾತ್ರದ ಲಾಗ್ ಎದುರು ಎಣಿಕೆಯ ಲಾಗ್ ಇಟ್ಟರೆ ಸಿಗುವ ನೇರಗೆರೆಯ ಇಳಿಜಾರೇ (ಋಣ ಚಿಹ್ನೆ ಬಿಟ್ಟು) ಆಯಾಮ, ಅಂದರೆ ‘ಡಿ’.

ನಮ್ಮ ಕೆರೆಗಳ ಮಟ್ಟಿಗೆ ಇದರ ಉಪಯೋಗ ನೇರವಾದದ್ದು. ಅಂಚಿನ ಆಯಾಮ 1.2 ಇರುವ ಕೆರೆಯನ್ನು ಲ್ಯಾಂಡ್‌ಸ್ಯಾಟ್ ಉಪಗ್ರಹದ 30 ಮೀಟರ್ ಚಿತ್ರದಲ್ಲಿ (ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 30 ಮೀಟರ್) ಅಳೆದು, ಬಳಿಕ ಸೆಂಟಿನೆಲ್–2 ಉಪಗ್ರಹದ 10 ಮೀಟರ್ ಚಿತ್ರದಲ್ಲಿ ಅಳೆದರೆ ಸುತ್ತಳತೆ 3ರ 0.2ನೇ ಘಾತದಷ್ಟು, ಅಂದರೆ ಸುಮಾರು 1.25 ಪಟ್ಟು ಆಗುತ್ತದೆ. 6 ಕಿ.ಮೀ. ಇದ್ದದ್ದು ಏಳೂವರೆ. ಒತ್ತುವರಿ ತೆರವಾಗಿಲ್ಲ, ನೀರೂ ಏರಿಲ್ಲ, ಬದಲಾದದ್ದು ಅಳತೆಗೋಲು. ಎರಡು ಕಾಲದ, ಎರಡು ಉಪಗ್ರಹದ ಸುತ್ತಳತೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೀರ್ಮಾನಕ್ಕೆ ಬರುವವರು ಮೊದಲು ಈ ಲೆಕ್ಕ ಹಾಕಬೇಕು.

ಚಿತ್ರ ಕೆಟ್ಟರೆ ಎಲ್ಲವೂ ಕೆಟ್ಟಂತೆ

ಅರ್ಧ ಕೆಲಸ ಇಮೇಜ್‌ಜೆ ತೆರೆಯುವ ಮೊದಲೇ ಮುಗಿದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ. ಮ್ಯಾಪ್ ಪುಟದ ಸ್ಕ್ರೀನ್‌ಶಾಟ್ ತೆಗೆದು ಹಾಕುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದು. ಊರಿನ ಹೆಸರು, ರಸ್ತೆಯ ಹಳದಿ ಗೆರೆ ಕೆರೆಯ ಮೇಲೆ ಹಾದಿರುತ್ತವೆ. ಅಂಚಿನ ಪಿಕ್ಸೆಲ್‌ಗಳು ನುಣುಪಾಗಿ ಕಾಣಲೆಂದು ಬೂದು ಬಣ್ಣಕ್ಕೆ ತಿರುಗಿರುತ್ತವೆ. ಜೆಪೆಗ್ ಆಗಿ ಉಳಿಸಿದರೆ ಅಂಚಿನುದ್ದಕ್ಕೂ ಕಾಣದ ಚುಕ್ಕೆಗಳು ಹುಟ್ಟಿಕೊಳ್ಳುತ್ತವೆ. ಉಳಿಸುವುದಿದ್ದರೆ ಟಿಫ್ ಅಥವಾ ಪಿಎನ್‌ಜಿ ಮಾತ್ರ.

ಸರಿಯಾದ ದಾರಿ ಐರೋಪ್ಯ ಒಕ್ಕೂಟದ ಉಪಗ್ರಹ ಚಿತ್ರಗಳ ಜಾಲತಾಣವಾದ ಕೋಪರ್ನಿಕಸ್ ಬ್ರೌಸರ್‌ನಿಂದ ಸೆಂಟಿನೆಲ್–2 ಚಿತ್ರ ಇಳಿಸಿಕೊಳ್ಳುವುದು. ಅದೂ ಉಚಿತ, ಖಾತೆ ತೆರೆದರೆ ಸಾಕು. ನೀರನ್ನು ಬೇರ್ಪಡಿಸಲು ಎನ್‌ಡಿಡಬ್ಲ್ಯುಐ ಸೂಚ್ಯಂಕ ಬಳಸಿ: ಹಸಿರು ಬ್ಯಾಂಡಿನಿಂದ ಸಮೀಪ ಅವಕೆಂಪು ಬ್ಯಾಂಡನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದ್ದು. ಸೆಂಟಿನೆಲ್‌ನಲ್ಲಿ ಇವು ಬಿ3 ಮತ್ತು ಬಿ8, ಎರಡೂ 10 ಮೀಟರಿನವು. ಸೊನ್ನೆಗಿಂತ ಮೇಲಿದ್ದರೆ ಸಾಮಾನ್ಯವಾಗಿ ನೀರು. ಇಳಿಸುವಾಗ ಪಿಕ್ಸೆಲ್ ಗಾತ್ರ 10 ಮೀಟರ್ ಎಂದೇ ಇರಲಿ. 5 ಮೀಟರ್ ಎಂದು ಕೇಳಿದರೆ ಕೊಡುತ್ತದೆ, ಆದರೆ ಇಲ್ಲದ ವಿವರವನ್ನು ಹದಮಾಡಿ ತುಂಬಿ ಕೊಡುತ್ತದೆ, ಚಿಕ್ಕ ಪೆಟ್ಟಿಗೆಗಳಲ್ಲಿ ಆಯಾಮ ಸುಳ್ಳಾಗಿ 1ರತ್ತ ಇಳಿಯುತ್ತದೆ. ಪ್ರೊಜೆಕ್ಷನ್ ಕೇಳಿದಲ್ಲಿ ಡಿಗ್ರಿಯ ಬದಲು ಮೀಟರ್‌ನಲ್ಲಿ ಅಳೆಯುವ ಯುಟಿಎಂ ಆರಿಸಿ. ತುಮಕೂರು, ಚಿಕ್ಕಬಳ್ಳಾಪುರ ಪಟ್ಟಣಗಳು 43ನೇ ವಲಯದಲ್ಲಿವೆ. ಕೋಲಾರ ಪಟ್ಟಣ 78 ಡಿಗ್ರಿ ರೇಖಾಂಶ ದಾಟಿರುವುದರಿಂದ 44ನೇ ವಲಯ. ಡಿಗ್ರಿಯಲ್ಲೇ ಇಳಿಸಿದರೆ ನಮ್ಮ ಅಕ್ಷಾಂಶದಲ್ಲಿ ಪೂರ್ವ–ಪಶ್ಚಿಮ ಸುಮಾರು ಶೇ 2.7ರಷ್ಟು ಹಿಗ್ಗಿರುತ್ತದೆ. ಆಯಾಮಕ್ಕೆ ಅದರಿಂದ ದೊಡ್ಡ ಧಕ್ಕೆಯಿಲ್ಲ, ಮೀಟರ್ ಲೆಕ್ಕಕ್ಕೆ ಇದೆ.

ತಿಂಗಳು ಮುಖ್ಯ. ಹಿಂಗಾರು ಮುಗಿದು ಮೋಡ ಸರಿದ ಡಿಸೆಂಬರ್–ಜನವರಿಯ ಚಿತ್ರ ಒಳ್ಳೆಯದು. ಏಪ್ರಿಲ್ ಚಿತ್ರದಲ್ಲಿ ನೀರು ಕೆರೆಯಂಗಳದ ತಗ್ಗಿಗೆ ಇಳಿದಿರುತ್ತದೆ. ಅಲ್ಲಿ ಸಿಗುವ ಅಂಚು ಹೂಳಿನ ಗುಂಡಿಗಳದ್ದು, ದಡದ್ದಲ್ಲ. ಕೋಲಾರದವರು ವರ್ಷವನ್ನೂ ನೋಡಿಕೊಳ್ಳಬೇಕು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಆ ಸಾಲಿನ ಕೆರೆಗಳ 2017ರ ಅಂಚು, 2020ರ ಅಂಚು ಬೇರೆ ಬೇರೆ ನೀರುಮಟ್ಟದವು. ಆಯಾಮ ಬದಲಾಯಿತೆಂದು ಬರೆದರೆ ಅದು ನೀರಿನ ಮಟ್ಟದ ಸುದ್ದಿ, ದಡದ ಸುದ್ದಿಯಲ್ಲ. ಇನ್ನು ಜೊಂಡು, ಅಂತರಗಂಗೆ ಹಬ್ಬಿದ ಕೆರೆಗಳಲ್ಲಿ, ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿರುವಲ್ಲಿ ಉಪಗ್ರಹಕ್ಕೆ ನೀರೇ ಕಾಣುವುದಿಲ್ಲ. ಗಿಡದ ಅಂಚನ್ನೇ ಅದು ದಡವೆಂದು ಕೊಡುತ್ತದೆ, ಆಯಾಮ ವಿಪರೀತ ಏರುತ್ತದೆ. ಅಂಥ ಕೆರೆಯನ್ನು ಬಿಟ್ಟು ಬೇರೆಯದನ್ನು ಆರಿಸುವುದೇ ಮೇಲು.

ಏರಿಯನ್ನು ಬಿಡಿ

ಸಮುದ್ರತೀರದ ಪಾಠವನ್ನು ಕೆರೆಗೆ ಹಚ್ಚುವಾಗ ಹೆಚ್ಚಿನವರು ಎಡವುವುದು ಇಲ್ಲಿ. ಕೆರೆಯ ಒಂದು ಮಗ್ಗುಲು ಮನುಷ್ಯ ಕಟ್ಟಿದ ಏರಿ. ಬಹುಪಾಲು ನೇರ, ಇಲ್ಲವೇ ತುಸು ಬಾಗಿದ್ದು. ಇನ್ನೊಂದು ಮಗ್ಗುಲು ಹಿನ್ನೀರು ಹಳ್ಳಕೊಳ್ಳಗಳಿಗೆ ನುಗ್ಗಿ ಬೆರಳು ಚಾಚಿದ ನೈಸರ್ಗಿಕ ಅಂಚು. ಎರಡನ್ನೂ ಸೇರಿಸಿ ಅಳೆದರೆ ಬರುವುದು 1 ಮತ್ತು ಇನ್ನೇನೋ ಒಂದರ ಕಲಬೆರಕೆ. ಚಿಕ್ಕ ಕೆರೆಯಲ್ಲಿ ಏರಿಯ ಪಾಲು ದೊಡ್ಡದು, ಮಾರ್ಕೋನಹಳ್ಳಿಯಂಥ ಜಲಾಶಯದಲ್ಲಿ ಅಣೆಕಟ್ಟಿನ ಪಾಲು ಚಿಕ್ಕದು. ಹಾಗಾಗಿ ‘ದೊಡ್ಡ ಕೆರೆಗಳ ಆಯಾಮ ಹೆಚ್ಚು’ ಎಂಬ ಪೊಳ್ಳು ಫಲಿತಾಂಶ ತಾನಾಗಿ ಬಂದುಬಿಡುತ್ತದೆ. ತುಮಕೂರಿನ ಅಮಾನಿಕೆರೆಯಂತೆ ನಡಿಗೆ ಹಾದಿ ಮಾಡಿದ ನಗರದ ಕೆರೆಗಳಲ್ಲಿ ಅಂಚಿನ ಬಹುಭಾಗ ಎಂಜಿನಿಯರ್ ಎಳೆದ ಗೆರೆ. ಅದರ ಆಯಾಮ ನಿಸರ್ಗದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇಮೇಜ್‌ಜೆಯಲ್ಲಿ ಏರಿಯನ್ನು ತೆಗೆಯುವುದು ಸುಲಭ, ಆದರೆ ಸರದಿ ತಪ್ಪಬಾರದು. ಮೊದಲು ಅಂಚಿನ ಗೆರೆ ಮಾಡಿಕೊಂಡು, ಆಮೇಲೆ ಪಾಲಿಗನ್ ಸೆಲೆಕ್ಷನ್‌ನಿಂದ ಏರಿ, ಕೋಡಿ ಇರುವ ಭಾಗವನ್ನು ಸುತ್ತುವರಿದು ಅಳಿಸಬೇಕು. ತುಂಬಿದ ಕೆರೆಯಿಂದಲೇ ಏರಿ ಕತ್ತರಿಸಿ ಆಮೇಲೆ ಅಂಚು ತೆಗೆದರೆ, ಕತ್ತರಿಸಿದ ಜಾಗದಲ್ಲಿ ಹೊಸ ನೇರ ಅಂಚು ಹುಟ್ಟುತ್ತದೆ. ಅಳಿಸುವ ಮುನ್ನ ಹಿನ್ನೆಲೆ ಬಣ್ಣ ಬಿಳಿಯೇ ಎಂದು ನೋಡಿಕೊಳ್ಳಿ. ಕಪ್ಪಿದ್ದರೆ ಅಳಿಸಿದ ಭಾಗ ಕಪ್ಪಾಗಿ ತುಂಬಿ ಎಣಿಕೆ ದಿಢೀರನೆ ಜಿಗಿಯುತ್ತದೆ.

ಓಡಿಸುವುದು

ಟಿಫ್ ಚಿತ್ರ ತೆರೆದು ಥ್ರೆಶೋಲ್ಡ್‌ನಲ್ಲಿ ಸೊನ್ನೆಗಿಂತ ಮೇಲಿನದ್ದನ್ನು ಆರಿಸಿ. ಸೂಚ್ಯಂಕದ ಚಿತ್ರ 32 ಬಿಟ್‌ನದಾದ್ದರಿಂದ ‘ಅಪ್ಲೈ’ ಒತ್ತಿದರೆ ಹಿನ್ನೆಲೆಯನ್ನು ‘ನ್ಯಾನ್’ (ಸಂಖ್ಯೆಯಿಲ್ಲದ ಖಾಲಿ ಬೆಲೆ) ಮಾಡಲೇ ಎಂದು ಕೇಳುತ್ತದೆ. ಒಪ್ಪಿದಿರೋ, ಚಿತ್ರ 32 ಬಿಟ್‌ನಲ್ಲೇ ಉಳಿಯುತ್ತದೆ. ಆಮೇಲೆ ಬಾಕ್ಸ್ ಕೌಂಟ್ ‘8 ಬಿಟ್ ಬೈನರಿ ಚಿತ್ರ (ಬರೀ ಕಪ್ಪು–ಬಿಳುಪಿನದು) ಬೇಕು’ ಎಂದು ಮೊಂಡು ಹಿಡಿಯುತ್ತದೆ. ಅಪ್ಲೈ ಬಿಟ್ಟು, ಪ್ರೊಸೆಸ್ ಮೆನುವಿನ ಬೈನರಿ ಒಳಗಿನ ‘ಕನ್ವರ್ಟ್ ಟು ಮಾಸ್ಕ್’ ಬಳಸಿದರೆ ಈ ತಂಟೆಯಿಲ್ಲ. ಅಕ್ಕಪಕ್ಕದ ಕುಂಟೆ, ಕೃಷಿಹೊಂಡಗಳನ್ನು ಅಳಿಸಿ. ನೀರಿನ ನಡುವಿನ ಒಂದೆರಡು ಪಿಕ್ಸೆಲ್‌ನ ತೂತುಗಳನ್ನು ‘ಫಿಲ್ ಹೋಲ್ಸ್’ ಮುಚ್ಚುತ್ತದೆ, ಆದರೆ ನಿಜವಾದ ನಡುಗಡ್ಡೆಯನ್ನೂ ಮುಚ್ಚಿಬಿಡುತ್ತದೆ. ನಡುಗಡ್ಡೆ ಲೆಕ್ಕಕ್ಕೆ ಬೇಕೋ ಬೇಡವೋ ಮೊದಲೇ ತೀರ್ಮಾನಿಸಿ, ಎಲ್ಲ ಕೆರೆಗಳಿಗೂ ಅದನ್ನೇ ಪಾಲಿಸಿ.

ಮುಂದಿನದು ‘ಔಟ್‌ಲೈನ್’, ಮರೆಯಲೇಬಾರದ ಹೆಜ್ಜೆ. ಇದು ತುಂಬಿದ ಆಕಾರವನ್ನು ಒಂದು ಪಿಕ್ಸೆಲ್ ದಪ್ಪದ ಗೆರೆಯಾಗಿಸುತ್ತದೆ. ಬಿಟ್ಟರೆ ನೀವು ಎಣಿಸುವುದು ನೀರಿನ ಹರವನ್ನು; ಉತ್ತರ 1.8, 1.9 ಎಂದು ಬರುತ್ತದೆ. ಕೆರೆಯಂಚಿಗೆ 1.9 ಬಂದಿದೆ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ಎರಡನೆಯ ಪ್ರಶ್ನೆ ಕಪ್ಪು–ಬಿಳುಪಿನದು: ಸಂವಾದ ಪೆಟ್ಟಿಗೆಯಲ್ಲಿ ‘ಬ್ಲ್ಯಾಕ್ ಬ್ಯಾಕ್‌ಗ್ರೌಂಡ್’ ಎಂಬ ಗುರುತಿದೆ, ಅದು ಉಲ್ಟಾ ಇದ್ದರೆ ಗೆರೆಯ ಬದಲು ಸುತ್ತಲಿನ ಖಾಲಿ ಜಾಗವನ್ನು ಎಣಿಸುತ್ತದೆ. ಇಮೇಜ್‌ಜೆಯಲ್ಲಿ ತೆರೆಯ ಮೇಲೆ ಕಪ್ಪಾಗಿ ಕಾಣುವ ಪಿಕ್ಸೆಲ್‌ನ ಬೆಲೆ 0 ಇರಬಹುದು, 255ಯೂ ಇರಬಹುದು. ಕಣ್ಣನ್ನು ನಂಬದೆ ಗೆರೆಯ ಮೇಲೆ ಕರ್ಸರ್ ಇಟ್ಟು ಬೆಲೆ ಓದಿಕೊಳ್ಳಿ.

ಓಕೆ ಒತ್ತಿದರೆ ಕ್ಷಣದಲ್ಲಿ ಒಂದು ಸಾಲು: ಸಿ2, ಸಿ3, ಸಿ4 ಎಂದು ಪ್ರತಿ ಗಾತ್ರಕ್ಕೂ ಎಷ್ಟು ಪೆಟ್ಟಿಗೆಗಳಲ್ಲಿ ಗೆರೆ ಸಿಕ್ಕಿತು ಎಂಬ ಎಣಿಕೆ, ಕೊನೆಗೆ ಡಿ. ಜೊತೆಗೆ ಲಾಗ್–ಲಾಗ್ ನಕ್ಷೆ. ತಂತ್ರಾಂಶದ ನಿಜವಾದ ಬೆಲೆ ಇರುವುದು ಆ ಸಿ ಕಾಲಂಗಳಲ್ಲಿ. ದುಡ್ಡು ಕೊಟ್ಟು ಕೊಳ್ಳುವ ಕೆಲವು ತಂತ್ರಾಂಶಗಳು ಉತ್ತರ ಮಾತ್ರ ತೋರಿಸಿ ಎಣಿಕೆಯನ್ನು ಒಳಗೇ ಇಟ್ಟುಕೊಳ್ಳುತ್ತವೆ. ಅವಕ್ಕಿಂತ ಇದು ಎಷ್ಟೋ ವಾಸಿ.

ಸಿದ್ಧ ಪಟ್ಟಿಯ ತಕರಾರು

ಪೆಟ್ಟಿಗೆ ಗಾತ್ರಗಳ ಸಿದ್ಧ ಪಟ್ಟಿ 2, 3, 4, 6, 8, 12, 16, 32, 64. ಒಂಬತ್ತರಲ್ಲಿ ಆರು 12 ಅಥವಾ ಅದಕ್ಕಿಂತ ಚಿಕ್ಕವು. ನೇರಗೆರೆ ಹೊಂದಿಸುವಾಗ ತೂಕ ಚಿಕ್ಕ ಗಾತ್ರಗಳ ಕಡೆಗೇ ವಾಲುತ್ತದೆ. ಅಲ್ಲಿ ಕಾಣುವುದು ದಡವಲ್ಲ, ಪಿಕ್ಸೆಲ್‌ನ ಮೆಟ್ಟಿಲು. ಎರಡು–ಮೂರು ಪಿಕ್ಸೆಲ್‌ನ ಮಟ್ಟದಲ್ಲಿ ಯಾವ ಗೆರೆಯೂ ನೇರ ತುಂಡುಗಳೇ.

ದೊಡ್ಡ ಗಾತ್ರಗಳಲ್ಲಿ ಬೇರೆ ಕಾಯಿಲೆ. ಕ್ಯಾಲ್ಕುಲೇಟರ್‌ನಲ್ಲೇ ಪರೀಕ್ಷಿಸಬಹುದು. 256 ಪಿಕ್ಸೆಲ್ ಬದಿಯ ತುಂಬಿದ ಚೌಕಕ್ಕೆ ಗಾತ್ರ 2ರಲ್ಲಿ 128 × 128 = 16,384 ಪೆಟ್ಟಿಗೆ, ಗಾತ್ರ 64ರಲ್ಲಿ 4 × 4 = 16. ಅನುಪಾತ 1,024, ಅಂದರೆ ಸರಿಯಾಗಿ 32ರ ವರ್ಗ, ಆಯಾಮ 2. ಈಗ ಚೌಕದ ಬದಿಯನ್ನು ನಾಲ್ಕೇ ಪಿಕ್ಸೆಲ್ ಹಿಗ್ಗಿಸಿ 260 ಮಾಡಿ. ಗಾತ್ರ 2ರಲ್ಲಿ 130 × 130 = 16,900. ಗಾತ್ರ 64ರಲ್ಲಿ ನಾಲ್ಕು ಪೆಟ್ಟಿಗೆ ಸಾಲದೆ ಐದನೆಯದು ಬೇಕಾಗಿ 5 × 5 = 25. ಅನುಪಾತ 676, 676ರ ಲಾಗ್ ಅನ್ನು 32ರ ಲಾಗ್‌ನಿಂದ ಭಾಗಿಸಿದರೆ 1.88. ಒಂಬತ್ತೂ ಗಾತ್ರಗಳನ್ನು ಸೇರಿಸಿ ನೇರಗೆರೆ ಹೊಂದಿಸಿದರೂ 1.89ರ ಆಸುಪಾಸು. ಅಪ್ಪಟ ಚೌಕಕ್ಕೆ ಇಷ್ಟು ತಪ್ಪು ಬರುವ ಪಟ್ಟಿಯನ್ನು ನೆಚ್ಚಿ ಎರಡು ಕೆರೆಗಳ 1.17, 1.21ರ ನಡುವೆ ವ್ಯತ್ಯಾಸ ಕಂಡೆವೆನ್ನುವುದು ಹೇಗೆ?

ಪರಿಹಾರ ಕಷ್ಟದ್ದಲ್ಲ. ಪಟ್ಟಿಯನ್ನು ಅಳಿಸಿ 2, 4, 8, 16, 32 ಎಂದು ಸಮ ಅನುಪಾತದಲ್ಲಿ ಬರೆಯಿರಿ. ಅತಿ ದೊಡ್ಡ ಗಾತ್ರ ಆಕಾರದ ಅಗಲದ ಕಾಲುಭಾಗ ಮೀರದಿರಲಿ. ಎಣಿಕೆಗಳನ್ನು ಎಕ್ಸೆಲ್ ಅಥವಾ ಲಿಬ್ರೆಆಫೀಸ್‌ಗೆ ಒಯ್ದು, ಅಕ್ಕಪಕ್ಕದ ಗಾತ್ರಗಳ ಒಂದೊಂದು ಜೋಡಿಗೂ ಇಳಿಜಾರು ತೆಗೆಯಿರಿ. ಗಾತ್ರ ದುಪ್ಪಟ್ಟಾಗುವ ಪಟ್ಟಿಯಲ್ಲಿ ಇದು ಎರಡು ಎಣಿಕೆಗಳ ಅನುಪಾತದ ಲಾಗ್ ಅನ್ನು 2ರ ಲಾಗ್‌ನಿಂದ ಭಾಗಿಸಿದಷ್ಟೇ. ವಿವರಣೆಗೆಂದು ಕಟ್ಟಿದ ಸಂಖ್ಯೆಗಳು ಇವು: 2ಕ್ಕೆ 840, 4ಕ್ಕೆ 400, 8ಕ್ಕೆ 174, 16ಕ್ಕೆ 76, 32ಕ್ಕೆ 36. ಜೋಡಿ ಇಳಿಜಾರುಗಳು ಕ್ರಮವಾಗಿ 1.07, 1.20, 1.20, 1.08. ಐದನ್ನೂ ಸೇರಿಸಿ ನೇರಗೆರೆ ಹೊಂದಿಸಿದರೆ 1.15. ಆ 1.15 ಈ ಗೆರೆಯ ಯಾವ ಮಟ್ಟದಲ್ಲೂ ಇಲ್ಲ! ಮೊದಲನೆಯ 1.07 ಪಿಕ್ಸೆಲ್ ಮೆಟ್ಟಿಲಿನದು, ಕೊನೆಯ 1.08 ಪೆಟ್ಟಿಗೆ ದೊಡ್ಡದಾಗಿ ಅಂಚಿನಲ್ಲಿ ಪೋಲಾದದ್ದು. ದಡದ ಮಾತು ನಡುವಿನ 1.20. ಹೀಗಿದ್ದೂ ಒಟ್ಟು ನೇರಗೆರೆಯ ಆರ್–ವರ್ಗ (ಗೆರೆ ಬಿಂದುಗಳಿಗೆ ಎಷ್ಟು ಹೊಂದುತ್ತದೆ ಎಂಬುದರ ಅಳತೆ, 1 ಎಂದರೆ ಪೂರ್ತಿ) 0.9995. ಆರ್–ವರ್ಗ ಚೆನ್ನಾಗಿದೆ ಎಂದು ವೈವಾದಲ್ಲಿ ತೋರಿಸಿ ಪಾರಾಗುವ ಅಭ್ಯಾಸವಿದೆ. ಲಾಗ್–ಲಾಗ್ ನಕ್ಷೆಯಲ್ಲಿ ಇಳಿಯುತ್ತ ಹೋಗುವ ಯಾವ ಎಣಿಕೆಗೂ ಅದು ಚೆನ್ನಾಗಿಯೇ ಬರುತ್ತದೆ.

ಒಂದೇ ಜಾಲರಿ

ಎರಡನೆಯ ಕೊರತೆ, ಪೆಟ್ಟಿಗೆಗಳ ಜಾಲರಿಯನ್ನು ಇದು ಒಂದೇ ಜಾಗದಲ್ಲಿಟ್ಟು ಎಣಿಸುತ್ತದೆ. ಜಾಲರಿ ಅರ್ಧ ಪೆಟ್ಟಿಗೆ ಸರಿದರೆ ಎಣಿಕೆ ಬದಲಾಗುತ್ತದೆ. ದೊಡ್ಡ ಗಾತ್ರಗಳಲ್ಲಿ 36 ಇದ್ದದ್ದು 32 ಆಗುವುದು ದೊಡ್ಡ ಮಾತೇನಲ್ಲ. ಕ್ಯಾನ್ವಾಸ್ ಹಿಗ್ಗಿಸಿದರೆ ಜಾಲರಿ ಸರಿಯುವುದಿಲ್ಲ, ಏಕೆಂದರೆ ಎಣಿಕೆ ಶುರುವಾಗುವುದು ಚಿತ್ರದ ಮೂಲೆಯಿಂದಲ್ಲ, ಆಕಾರದ ಎಡ ಮತ್ತು ಮೇಲಿನ ತುದಿಯಿಂದ. ಅಳಿಸಲು ಮರೆತ ಒಂದು ಕುಂಟೆಯ ಚುಕ್ಕೆ ಇಡೀ ಜಾಲರಿಯನ್ನೇ ಸರಿಸಬಲ್ಲದು ಎಂಬುದೂ ಇದರಿಂದಲೇ. ಅದನ್ನೇ ಉಪಾಯವಾಗಿ ಬಳಸಬಹುದು: ಆಕಾರಕ್ಕಿಂತ ಕೆಲವು ಪಿಕ್ಸೆಲ್ ಎಡಕ್ಕೆ, ಮೇಲಕ್ಕೆ ಒಂದೇ ಒಂದು ಕಪ್ಪು ಪಿಕ್ಸೆಲ್ ಇಟ್ಟು ಎಣಿಸಿ, ಅದರ ಜಾಗ ಬದಲಿಸುತ್ತ ಹೋಗಿ. ಚುಕ್ಕೆ ಬೇರೆ ಪೆಟ್ಟಿಗೆಯಲ್ಲಿ ಬಿದ್ದಾಗ ಎಣಿಕೆಯಿಂದ ಒಂದನ್ನು ಕಳೆಯಬೇಕು. ಪ್ರತಿ ಗಾತ್ರಕ್ಕೂ ಸಿಕ್ಕ ಕನಿಷ್ಠ ಎಣಿಕೆಯನ್ನು ಇಟ್ಟುಕೊಳ್ಳಿ.

ಇಷ್ಟು ತಾಳ್ಮೆಯಿಲ್ಲದವರಿಗೆ ಫ್ರ್ಯಾಕ್‌ಲ್ಯಾಕ್ ಇದೆ. ಆಸ್ಟ್ರೇಲಿಯಾದ ಚಾರ್ಲ್ಸ್ ಸ್ಟರ್ಟ್ ವಿಶ್ವವಿದ್ಯಾಲಯದ ಆಡ್ರಿ ಕಾರ್ಪೆರಿಯನ್ ಬರೆದ ಪ್ಲಗಿನ್, ಅದೂ ಉಚಿತ. ಜಾಲರಿಯನ್ನು ಹಲವು ಜಾಗಗಳಿಗೆ ತಾನೇ ಸರಿಸಿ ಎಣಿಸುತ್ತದೆ. ಆದರೆ ಅದರ ಕಿಟಕಿ ತೆರೆದರೆ ಮೊದಲ ಸಲದವರಿಗೆ ತಲೆ ತಿರುಗುವಷ್ಟು ಗುಂಡಿಗಳು, ಮಾಹಿತಿಯೆಲ್ಲ ಇಂಗ್ಲಿಷ್‌ನಲ್ಲಿ. ಪದವಿ ತರಗತಿಗೆ ಸಾದಾ ಬಾಕ್ಸ್ ಕೌಂಟ್ ಜೊತೆ ಚುಕ್ಕೆಯ ಉಪಾಯವೇ ಸಾಕು. ವಿದ್ಯಾರ್ಥಿಗೆ ಏನು ನಡೆಯುತ್ತಿದೆ ಎಂಬುದಾದರೂ ತಿಳಿದಿರುತ್ತದೆ.

ಎಷ್ಟು ದೊಡ್ಡ ಕೆರೆ ಬೇಕು

ಒಂದು ಕಿ.ಮೀ. ಅಗಲದ ಕೆರೆ 10 ಮೀಟರ್ ಚಿತ್ರದಲ್ಲಿ ನೂರೇ ಪಿಕ್ಸೆಲ್. ಮೆಟ್ಟಿಲಿನ ಭಾಗ ಬಿಟ್ಟು, ಕಾಲುಭಾಗದ ಮಿತಿ ಇಟ್ಟರೆ ಉಳಿಯುವುದು 4ರಿಂದ 25ರವರೆಗಿನ ಗಾತ್ರ. ಹರವು ಆರು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಅದರಿಂದ ಎರಡನೆಯ ದಶಮಾಂಶ ಹೇಳುವುದೇ ಧೈರ್ಯ. ನಾಲ್ಕು ಕಿ.ಮೀ. ಉದ್ದದ ನೀರಾದರೆ 4ರಿಂದ 100, ಇಪ್ಪತ್ತೈದು ಪಟ್ಟು. ಇದೂ ಹೆಚ್ಚೇನಲ್ಲ, ಆದರೆ ಇದಕ್ಕಾಗಿ ನಾಚಬೇಕಿಲ್ಲ: ಪ್ರಕಟಿತ ಫ್ರ್ಯಾಕ್ಟಲ್ ಅಳತೆಗಳನ್ನು ಪರಿಶೀಲಿಸಿ 1998ರಲ್ಲಿ ‘ಸೈನ್ಸ್’ನಲ್ಲಿ ಬಂದ ಲೇಖನವೊಂದು ಅವುಗಳ ಹರವು ಸರಾಸರಿ 1.3 ದಶಕ, ಅಂದರೆ ಇಪ್ಪತ್ತು ಪಟ್ಟು ಮಾತ್ರ ಎಂದು ತೋರಿಸಿತ್ತು.

ಚಿಕ್ಕ ಕೆರೆಯೇ ಬೇಕೆಂದರೆ ಗೂಗಲ್ ಅರ್ಥ್‌ನಲ್ಲಿ ದಡವನ್ನು ಕೈಯಿಂದ ಬಿಂದು ಬಿಂದುವಾಗಿ ಎಳೆಯಬಹುದು. ಆಗ ಬಿಂದುಗಳ ನಡುವಿನ ಅಂತರವೇ ನಿಮ್ಮ ಕೆಳಮಿತಿ. 20 ಮೀಟರಿಗೊಂದು ಬಿಂದು ಒತ್ತಿದ್ದರೆ, 50–60 ಮೀಟರಿಗಿಂತ ಚಿಕ್ಕ ಪೆಟ್ಟಿಗೆಯಲ್ಲಿ ಕಾಣುವುದು ನಿಮ್ಮ ಮೌಸ್‌ನ ನೇರಗೆರೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಇಳಿಸಿದ ಸಿದ್ಧ ಅಂಚುಗಳಿಗೂ ಇದೇ ನಿಯಮ, ಅಲ್ಲಿ ಬಿಂದು ಒತ್ತಿದವರು ಬೇರೆ ಯಾರೋ ಅಷ್ಟೆ.

ಕಂಪ್ಯೂಟರ್ ಲ್ಯಾಬ್ ಇಲ್ಲದ ಕಡೆ 1:50,000 ಟೋಪೋಶೀಟ್ ಮತ್ತು ಜಾಮಿಟ್ರಿ ಪೆಟ್ಟಿಗೆಯ ಡಿವೈಡರ್ ಈಗಲೂ ನಡೆಯುತ್ತದೆ. ಡಿವೈಡರನ್ನು ಅಂಚಿನುದ್ದಕ್ಕೂ ಹೆಜ್ಜೆ ಹಾಕಿಸಿ ಎಣಿಸಬೇಕು. 2 ಸೆಂ.ಮೀ. ತೆರೆದರೆ ನೆಲದ ಮೇಲೆ 1 ಕಿ.ಮೀ., 1 ಸೆಂ.ಮೀ.ಗೆ 500 ಮೀಟರ್, 5 ಮಿ.ಮೀ.ಗೆ 250. ಕೊನೆಯಲ್ಲಿ ಉಳಿಯುವ ತುಂಡನ್ನು ಭಿನ್ನರಾಶಿಯಾಗಿ ಸೇರಿಸಬೇಕು. ಹೆಜ್ಜೆಯ ಲಾಗ್ ಎದುರು ಒಟ್ಟು ಉದ್ದದ ಲಾಗ್ ಇಟ್ಟಾಗ ಸಿಗುವ ಇಳಿಜಾರನ್ನು 1ರಿಂದ ಕಳೆದರೆ ಆಯಾಮ. ಇಳಿಜಾರು ಋಣ ಸಂಖ್ಯೆಯಾದ್ದರಿಂದ ಉತ್ತರ 1ಕ್ಕಿಂತ ಹೆಚ್ಚೇ ಬರುತ್ತದೆ. ಇಮೇಜ್‌ಜೆಯಲ್ಲಿ ಈ ಡಿವೈಡರ್ ವಿಧಾನ ಸಿದ್ಧವಾಗಿ ಇಲ್ಲದಿರುವುದು ಇನ್ನೊಂದು ಕೊರತೆ.

ಕೆರೆಯ ಹೊರಗೆ, ಒಣಗಿದ ಅಂಗಳದ ಮಣ್ಣಿನ ಬಿರುಕು ಈ ತಂತ್ರಾಂಶಕ್ಕೆ ಒಳ್ಳೆಯ ವಸ್ತು. ನೇರ ಮೇಲಿನಿಂದ, ನೆರಳು ಬೀಳದ ಹೊತ್ತಿನಲ್ಲಿ, ಚೌಕಟ್ಟಿನಲ್ಲಿ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆಯಬೇಕು. ಇಲ್ಲಿ ಔಟ್‌ಲೈನ್ ಬದಲು ಬಿರುಕನ್ನು ಒಂದೇ ನಡುಗೆರೆಯಾಗಿಸುವ ‘ಸ್ಕೆಲಿಟನೈಜ್’ ಬಳಸಿ, ಇಲ್ಲದಿದ್ದರೆ ಪ್ರತಿ ಬಿರುಕಿಗೂ ಎರಡೆರಡು ಗೆರೆ. ಎಲೆಯಂಚಿಗೆ ಕ್ಯಾಮೆರಾಕ್ಕಿಂತ ಸ್ಕ್ಯಾನರ್ ಮೇಲು, 300 ಡಿಪಿಐ ಎಂದರೆ ಮಿ.ಮೀ.ಗೆ ಸುಮಾರು 12 ಪಿಕ್ಸೆಲ್. ನಂದಿಬೆಟ್ಟದ ಬಾನಂಚಿನ ಫೋಟೊ ಮಾತ್ರ ಹಾಕಬೇಡಿ. ಬೆಟ್ಟದ ಏರಿಳಿತ ಅಡ್ಡಕ್ಕೊಂದು, ಉದ್ದಕ್ಕೊಂದು ರೀತಿಯಲ್ಲಿ ಹಿಗ್ಗುವಂಥದ್ದು. ಸಮ ಚೌಕದ ಪೆಟ್ಟಿಗೆ ಅಲ್ಲಿ ಕೊಡುವ ಸಂಖ್ಯೆ ಫೋಟೊ ಎಷ್ಟು ಹತ್ತಿರದಿಂದ ತೆಗೆದದ್ದು ಎಂಬುದರ ಮೇಲೆ ಕುಣಿಯುತ್ತದೆ. ಬೆಟ್ಟವೇ ಬೇಕಿದ್ದರೆ ಟೋಪೋಶೀಟಿನ ಸಮೋನ್ನತಿ ರೇಖೆಯೊಂದನ್ನು ಆರಿಸಿ. ಅದು ಕೆರೆಯಂಚಿನಂತೆಯೇ ಒಂದೇ ಎತ್ತರದ ಗೆರೆ.

ಯಾವುದಕ್ಕೂ ಮುನ್ನ ಉತ್ತರ ಗೊತ್ತಿರುವ ಆಕಾರದ ಮೇಲೆ ಓಡಿಸಿ ನೋಡಿ. ಪ್ರತಿ ನೇರ ತುಂಡಿನ ಬದಲು ಅದರ ಮೂರನೇ ಒಂದರಷ್ಟು ಉದ್ದದ ನಾಲ್ಕು ತುಂಡು ಇಡುತ್ತ ಹೋಗಿ ಎಳೆಯುವ ಕಾಕ್ ವಕ್ರರೇಖೆಯ ಆಯಾಮ 4ರ ಲಾಗ್ ಭಾಗಿಸು 3ರ ಲಾಗ್, 1.262. ಪೈಥಾನ್‌ನ ಟರ್ಟಲ್‌ನಲ್ಲಿ 729 ಪಿಕ್ಸೆಲ್ ಅಗಲಕ್ಕೆ ಆರು ಹಂತ ಎಳೆದರೆ ಅತಿ ಚಿಕ್ಕ ತುಂಡು ಸರಿಯಾಗಿ ಒಂದು ಪಿಕ್ಸೆಲ್ ಆಗುತ್ತದೆ. ಪಟ್ಟಿಯಲ್ಲಿ 3, 9, 27, 81 ಕೊಡಿ. 1.26ರಿಂದ 0.05ಕ್ಕಿಂತ ಹೆಚ್ಚು ಆಚೀಚೆ ಬಂದರೆ ಚಿತ್ರದ ಬಣ್ಣ ಉಲ್ಟಾ ಆಗಿದೆ, ಇಲ್ಲವೇ ಗೆರೆ ದಪ್ಪಗಿದೆ. ವರದಿಯಲ್ಲಿ ಆಯಾಮದ ಪಕ್ಕದಲ್ಲಿ ಚಿತ್ರದ ದಿನಾಂಕ, ಪಿಕ್ಸೆಲ್ ಗಾತ್ರ, ಬಳಸಿದ ಪೆಟ್ಟಿಗೆಗಳ ಹರವು ಮೀಟರ್‌ನಲ್ಲಿ, ಏರಿ ಬಿಟ್ಟಿದ್ದೀರೋ ಇಲ್ಲವೋ ಎಂಬ ನಾಲ್ಕು ವಿಷಯ ಬರೆಯಿರಿ. ಸಿ ಕಾಲಂಗಳನ್ನು ಹಾಗೇ ಅನುಬಂಧಕ್ಕೆ ಹಾಕಿ, ಓದುವವರು ಬೇಕಿದ್ದರೆ ತಾವೇ ಇಳಿಜಾರು ತೆಗೆದುಕೊಳ್ಳಲಿ.